ದಿಲ್ಲಿ ಬಿಟ್ಟು ಶಿರಸಿಗೆ ಹೋಗ್ಲಾ? – ಓದುಗರ ಸ್ಪಂದನ

ಕಳೆದ ಸಲದ ಪತ್ರ, ಚಿಕ್ಕದಾಗಿ: ನಾವು ಗುರುಗ್ರಾಮದಲ್ಲಿದೀವಿ. ನಾನು ಹುಟ್ಟಿ ಬೆಳೆದಿದ್ದೆಲ್ಲ ದಿಲ್ಲಿ, ಕನ್ನಡ ಮಾತಾಡ್ತೀನಿ ಆದ್ರೆ ಬರೆಯೋಕೆ ಸರಿಯಾಗಿ ಬರಲ್ಲ, ಇದನ್ನೂ ಫೋನಿಗೆ ಹೇಳಿ ಟೈಪ್ ಮಾಡಿಸ್ತಿದೀನಿ. ಗಂಡನ ಊರು ಶಿರಸಿಯಿಂದ 18 ಕಿ.ಮೀ. ಒಳಗೆ. ಅಲ್ಲಿ ಅತ್ತೆ ಮಾವ ಇಬ್ರೇ, ಎರಡೆಕರೆ ಅಡಿಕೆ ತೋಟ. ಮಗನಿಗೆ ಐದು ವರ್ಷ, ದೀಪಾವಳಿ ಬಂತು ಅಂದ್ರೆ ಹೊಗೆಗೆ ಅವನಿಗೆ ಉಸಿರಾಟದ ತೊಂದ್ರೆ, ನಮ್ಮನೇಲಿ ಔಷಧಿ ಆವಿ ಕೊಡೋ ನೆಬ್ಯುಲೈಜರ್ ಹೊರಗೆ ಬರುತ್ತೆ. ಇಬ್ರಿಗೂ ಮನೆಯಿಂದ್ಲೇ ಕೆಲಸ. ಇವರು ಊರಿಗೆ ಹೋಗಿಬಿಡೋಣ ಅಂತಾರೆ. ನಂಗೆ ಹೋಗೋಕೂ ಧೈರ್ಯ ಇಲ್ಲ, ಇಲ್ಲಿರೋಕೂ ಧೈರ್ಯ ಇಲ್ಲ.

ನೋಯ್ಡಾದಿಂದ ಯಲ್ಲಾಪುರದ ಹತ್ರ ಬಂದವಳು:

ನಿಮ್ಮ ಪತ್ರ ಓದಿ ನಗು ಬಂತು ಕಣ್ರೀ, ನಗಬಾರ್ದಿತ್ತು, ಆದ್ರೆ ನಾಲ್ಕು ವರ್ಷದ ಹಿಂದೆ ನಾನೇ ಬರೆದಿಟ್ಟ ಹಾಗಿತ್ತು. ನಮ್ದೂ ಇದೇ ಕಥೆ, ಒಂದೇ ವ್ಯತ್ಯಾಸ ಅಂದ್ರೆ ನಾನು ಮೈಸೂರಿನವಳು. ಕನ್ನಡ ಗೊತ್ತು ಅನ್ನೋ ಜಂಬದಲ್ಲಿ ಬಂದೆ, ಇಲ್ಲಿನ ಹವ್ಯಕರ ಮಾತು ಮೊದಲ ಆರು ತಿಂಗಳು ಅರ್ಧಕ್ಕರ್ಧ ತಲೆ ಮೇಲೆ ಹೋಯ್ತು, ಹಾಗಾಗಿ ಭಾಷೆ ವಿಷಯಕ್ಕೆ ನೀವೊಬ್ರೇ ಹೆದರ್ಕೋಬೇಕಾಗಿಲ್ಲ.

ನಾವು ಬಂದಿದ್ದು ಫೆಬ್ರವರಿಲಿ. ಎಲ್ರೂ ಮಾಡೋ ತಪ್ಪು ಇದೇ. ಆ ತಿಂಗಳಲ್ಲಿ ಇಲ್ಲಿ ಯಾರು ಬಂದ್ರೂ ಮರುಳಾಗ್ತಾರೆ, ಬೆಳಿಗ್ಗೆ ಇಬ್ಬನಿ, ಅಂಗಳದಲ್ಲಿ ಅಡಿಕೆ ಒಣಗಿಸಿರ್ತಾರೆ, ಮಗು ಬರಿಗಾಲಲ್ಲಿ ಓಡಾಡುತ್ತೆ, ಅದರ ಫೋಟೋ ತೆಗೆದು ನೋಯ್ಡಾ ಫ್ರೆಂಡ್ಸಿಗೆ ಕಳ್ಸಿದ್ದೇ ಕಳ್ಸಿದ್ದು. ಜೂನ್ ಹತ್ತರ ನಂತರ ಫೋಟೋ ನಿಂತ್ವು. ಜುಲೈನಲ್ಲಿ ಒಂದಿನ ಬೀರು ತೆಗೆದೆ, ಇವರ ಬೆಲ್ಟಿನ ಮೇಲೆ ಹಸಿರು ಬೂಷ್ಟು, ವೆಲ್ವೆಟ್ ಹೊದಿಸಿದ ಹಾಗೆ. ನನ್ನ ಧಾರೆ ಸೀರೆ ಮೇಲೆ ಬಿಳಿ ಚುಕ್ಕಿ. ಸಾಕ್ಸು ಒಣಗಬೇಕಾದ್ರೆ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಬೇಕು, ಆಮೇಲೆ ಮಗು ಯೂನಿಫಾರ್ಮಿಂದ ಹಿಡಿದು ಎಲ್ಲದಕ್ಕೂ ಹೊಗೆ ವಾಸನೆ. ನಾವು ಹೊಗೆಗೆ ಹೆದರಿ ಬಂದವರು ನೋಡಿ!

ಇನ್ನು ಕೆಲಸ. ಕರೆಂಟು ಹೋದ್ರೆ ಯಾವಾಗ ಬರುತ್ತೆ ಅಂತ ಕೇಳೋದನ್ನೇ ಬಿಟ್ಟಿದೀನಿ, ಎಲ್ಲೋ ಕಾಡಿನ ಮಧ್ಯ ತಂತಿ ಮೇಲೆ ಮರ ಬಿದ್ದಿರುತ್ತೆ, ಲೈನ್‌ಮನ್ ಪಾಪ ಮಳೇಲಿ ಅದನ್ನ ಹುಡ್ಕೊಂಡು ಹೋಗ್ಬೇಕು. ಎರಡು ಬ್ಯಾಟರಿ ಇನ್ವರ್ಟರ್ ಹಾಕಿಸ್ಕೊಳ್ಳಿ, ಇಂಟರ್ನೆಟ್ಟಿನ ಫೈಬರ್ ಡಬ್ಬಿಗೆ ಬೇರೆ ಚಿಕ್ಕ ಯುಪಿಎಸ್ ಇಡಿ. ಫೈಬರ್ ಅಂದ್ರೆ ಗಾಜಿನ ಎಳೆ, ಅದರಲ್ಲಿ ಸಿಡಿಲು ಹರಿಯಲ್ಲ ನಿಜ, ಆದ್ರೆ ಡಬ್ಬಿಗೆ ಕರೆಂಟ್ ಕೊಡೋ ಅಡಾಪ್ಟರಿಂದ ಬರುತ್ತೆ. ನಂದು ಎರಡು ರೂಟರ್ ಹಾಗೇ ಸುಟ್ಟೋದ್ವು, ಈಗ ದೂರದಲ್ಲಿ ಗುಡುಗಿದ್ರೇ ಸಾಕು, ಎಂಟು ವರ್ಷದ ಮಗಳು ಓಡಿಹೋಗಿ ಪ್ಲಗ್ ಕಿತ್ತಿಡ್ತಾಳೆ.

ಆದ್ರೆ ನಿಜ ಹೇಳ್ಬೇಕಂದ್ರೆ ಬೂಷ್ಟು ಕರೆಂಟು ಎಲ್ಲ ಅಭ್ಯಾಸ ಆಗುತ್ತೆ, ಕಷ್ಟ ಇರೋದು ಹಗಲು ಹನ್ನೊಂದು ಗಂಟೆಗೆ. ಆ ಹೊತ್ತಿಗೆ ಯಾರೋ ಒಬ್ರು ಬರ್ತಾರೆ, ಫೋನ್ ಗೀನ್ ಮಾಡೋ ಪದ್ಧತಿ ಇಲ್ಲ, ಬಂದವರಿಗೆ ಆಸರಿಗೆ, ಅಂದ್ರೆ ಕುಡಿಯೋಕೆ ಏನಾದ್ರೂ, ಕೊಡ್ಬೇಕು, ನಾನು ಕ್ಯಾಮೆರಾ ಆನ್ ಮಾಡ್ಕೊಂಡು ಕೂತಿರ್ತೀನಿ. ಗಂಡನೂ ಪಕ್ಕದ ರೂಮಲ್ಲಿ ಅದೇ ಕೆಲಸದಲ್ಲಿರ್ತಾರೆ, ಅವರನ್ನ ಯಾರೂ ಕರೆಯಲ್ಲ ಅನ್ನೋದನ್ನ ಗಮನಿಸಿ. ಒಂದು ವರ್ಷ ಮುಖ ಗಂಟಿಕ್ಕೊಂಡೇ ಕಳೆದೆ. ಕೊನೆಗೆ ಅತ್ತೆನೇ ದಾರಿ ಹುಡುಕಿದ್ರು: ನನ್ನ ಬಾಗಿಲ ಮೇಲೆ ಕೆಂಪು ಟವೆಲ್ ಇದ್ರೆ ಮೀಟಿಂಗು, ಆಗ ಇವರು ಎದ್ದು ಟೀ ಇಡ್ಬೇಕು. ಈಗ ಊರಲ್ಲೆಲ್ಲ ಆ ಟವೆಲ್ ಫೇಮಸ್ಸು.

ನನ್ ಮಾತು ಕೇಳಿದ್ರೆ, ಗುರುಗ್ರಾಮದ ಮನೆ ಈಗ್ಲೇ ಖಾಲಿ ಮಾಡ್ಬೇಡಿ. ಜೂನಿಂದ ಡಿಸೆಂಬರ್ ತನಕ ಇಲ್ಲಿ ಇದ್ದು ನೋಡಿ, ಆ ಏಳು ತಿಂಗಳು ಸಹಿಸಿದ್ರೆ ಉಳಿದಿದ್ದು ಸಲೀಸು.

ದ್ವಾರಕಾದಿಂದ ಒಬ್ಬ ಅಪ್ಪ:

16 ವರ್ಷದಿಂದ ಇಲ್ಲೇ ಇದೀನಿ. 2024ರ ನವೆಂಬರ್ 18ಕ್ಕೆ ದಿಲ್ಲಿ ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅನ್ನೋ ಸೂಚ್ಯಂಕ) 490 ದಾಟಿತ್ತಲ್ಲ, ಆ ವಾರ ಸ್ಕೂಲೆಲ್ಲ ಆನ್‌ಲೈನು, ಏರ್ ಪ್ಯೂರಿಫೈಯರ್ ಇರೋ ಒಂದೇ ರೂಮಲ್ಲಿ ನಾವು ನಾಲ್ಕು ಜನ ಊಟ ನಿದ್ದೆ ಆಫೀಸು ಕ್ಲಾಸು ಎಲ್ಲ ಮಾಡಿದ್ವಿ. ಹಾಗಾಗಿ ಇಲ್ಲೇ ಇರಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಮೊದಲು ನವೆಂಬರ್ ಬಂದ್ರೆ ಹೆಂಡ್ತಿ ಮಕ್ಕಳು ಹಾಸನಕ್ಕೆ ಹೋಗಿ ಸಂಕ್ರಾಂತಿ ಮುಗಿಸ್ಕೊಂಡು ಬರ್ತಿದ್ರು, ದೊಡ್ಡವನು ಒಂದನೇ ಕ್ಲಾಸಿಗೆ ಬಂದ ಮೇಲೆ ಅದೂ ನಿಂತೋಯ್ತು. ನಿಮ್ಮ ಮಗನಿಗೆ ಇನ್ನೂ ಐದು. ಆ ಕಿಟಕಿ ಒಂದೇ ವರ್ಷ ತೆರೆದಿರೋದು, ಯೋಚ್ನೆ ಮಾಡ್ತಾ ಕೂತ್ರೆ ಮುಚ್ಕೊಳುತ್ತೆ. ಭಾಷೆ ಅಂತ ಹೋಗೋದಾದ್ರೆ ಮಾತ್ರ ಬೇಡ, ಅದಕ್ಕೆ ಇಲ್ಲೂ ಲೋಧಿ ಎಸ್ಟೇಟಲ್ಲಿ ದೆಹಲಿ ಕನ್ನಡ ಶಾಲೆ ಇದೆ, ಆರ್.ಕೆ. ಪುರಂನಲ್ಲಿ ಕರ್ನಾಟಕ ಸಂಘ ಇದೆ.

ಮಕ್ಕಳ ವಾರ್ಡಿನ ನರ್ಸ್, ಶಿವಮೊಗ್ಗ:

ಮೇಲಿನ ಅಕ್ಕ ಬೂಷ್ಟಿನ ಬಗ್ಗೆ ಹೇಳಿದ್ದನ್ನ ಸೀರೆ ಹಾಳಾಗೋ ವಿಷಯ ಅಂತ ಓದ್ಕೋಬೇಡಿ, ನಿಮ್ಮ ಮಗನಿಗೆ ಅದೇ ಮುಖ್ಯ. ವೀಜಿಂಗ್ (ಉಸಿರಾಡುವಾಗ ಗುಯ್‌ಗುಟ್ಟೋದು) ಇರೋ ಎಲ್ಲಾ ಮಕ್ಕಳಿಗೂ ಕಾರಣ ಒಂದೇ ಇರಲ್ಲ. ಕೆಲವರಿಗೆ ಹೊಗೆ, ಕೆಲವರಿಗೆ ಶೀತದ ವೈರಸ್ಸು, ಕೆಲವರಿಗೆ ಬೂಷ್ಟು, ಹಾಸಿಗೆ ದಿಂಬಲ್ಲಿರೋ ಧೂಳಿನ ನುಸಿ. ಈ ನುಸಿ ಬೆಳೆಯೋದೇ ತೇವ ಇರೋ ಜಾಗದಲ್ಲಿ, ಮಲೆನಾಡಿನ ಹತ್ತಿ ಹಾಸಿಗೆ ಅಂದ್ರೆ ಅದಕ್ಕೆ ಅರಮನೆ. "ಊರ ಗಾಳಿಗೆ ಹೋದ್ಮೇಲೆ ಇನ್ಹೇಲರ್ ಯಾಕೆ" ಅಂತ ಮನೆಯವರೇ ನಿಲ್ಲಿಸಿ, ಆಗಸ್ಟಲ್ಲಿ ರಾತ್ರಿ ಎರಡು ಗಂಟೆಗೆ ಉಸಿರು ಎಳ್ಕೊಂಡು ಬರೋ ಮಕ್ಕಳನ್ನ ಪ್ರತಿ ವರ್ಷ ನೋಡ್ತೀನಿ. ದಿಲ್ಲಿ ಡಾಕ್ಟರ್ ಹೇಳೋ ತನಕ ಒಂದೂ ನಿಲ್ಲಿಸ್ಬೇಡಿ, ಫೈಲ್ ಪೂರ್ತಿ ತನ್ನಿ, ಇನ್ಹೇಲರಿಗೆ ಹಾಕೋ ಸ್ಪೇಸರ್ ಎರಡು ಇಟ್ಕೊಳ್ಳಿ.

ಇನ್ನೊಂದು ಯಾರೂ ಹೇಳಲ್ಲ. ದಿಲ್ಲಿಲಿ ಹೊಗೆ ಮುತ್ತೋ ತಿಂಗಳಲ್ಲೇ ನಿಮ್ಮ ಅತ್ತೆ ಮನೇಲಿ ಅಡಿಕೆ ಸುಗ್ಗಿ. ಸುಲಿದ ಅಡಿಕೆ ಹಂಡೇಲಿ ಬೇಯಿಸ್ತಾರೆ, ಸೌದೆ ಒಲೆ ರಾತ್ರಿವರೆಗೂ ಉರೀತಿರುತ್ತೆ. ದಿಲ್ಲಿ ಗಾಳಿಗೂ ಇದಕ್ಕೂ ಹೋಲಿಕೆನೇ ಇಲ್ಲ ಬಿಡಿ, ಆದ್ರೂ ಮಗು ಮಲಗೋ ಕೋಣೆ ಒಲೆ ಕಡೆಯಿಂದ ದೂರ ಇರ್ಲಿ.

ಮಂಗನ ಕಾಯಿಲೆ ಬಗ್ಗೆನೂ ತಿಳ್ಕೊಂಡಿರಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಕಂಡಿದ್ದು, ಉಣುಗು ಕಚ್ಚಿ ಬರೋದು, ಹೆಚ್ಚಾಗಿ ಡಿಸೆಂಬರಿಂದ ಮೇ ಒಳಗೆ. ಹಳೇ ಲಸಿಕೆ 2022ರಲ್ಲಿ ನಿಲ್ಲಿಸಿಬಿಟ್ರು. ತರಗೆಲೆ ಗುಡಿಸೋಕೆ, ಸೊಪ್ಪು ತರೋಕೆ ಬೆಟ್ಟಕ್ಕೆ ಹೋಗೋರು ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಕೊಂಡು ಹೋಗ್ತಾರೆ, ಮಂಗ ಸತ್ತು ಬಿದ್ದಿದೆ ಅಂತ ಕೇಳಿದ್ರೆ ಆ ಕಡೆ ಮಗೂನ ಬಿಡ್ಬೇಡಿ ಅಷ್ಟೇ. ದೊಡ್ಡ ಕಾಯಿಲೆ ಬಂದ್ರೆ ಹುಬ್ಬಳ್ಳಿಗೋ ಮಂಗಳೂರಿಗೋ ಮಣಿಪಾಲಕ್ಕೋ ಓಡ್ಬೇಕು. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಜನ 2022ರಲ್ಲಿ ಬೀದಿಗೆ ಇಳಿದಿದ್ದು ಸುಮ್ನೆ ಅಲ್ಲ.

ಧಾರವಾಡದ ರಿಟೈರ್ಡ್ ಮಾಸ್ತರು:

ಎಲ್ಲಾರೂ ಒಂದs ದಿಲ್ಲಿ ಇಲ್ಲಾ ಹಳ್ಳಿ ಅಂತ ಹೇಳಾಕತ್ತೀರಿ, ನಡುವ ಊರುಗಳು ಏನಾದ್ವು? ತಂಗೀ, ಧಾರವಾಡಕ್ಕ ಬಾ. ಇಲ್ಲಿಂದ ಶಿರಸಿಗೆ ಮೂರು ತಾಸಿನ ಹಾದಿ, ಶನಿವಾರ ಹೊಂಟ್ರ ಮಧ್ಯಾಹ್ನದ ಊಟಕ್ಕ ಅತ್ತಿ ಮನ್ಯಾಗ ಇರ್ತೀ, ರವಿವಾರ ಸಂಜಿಗೆ ಮನಿ. ಮಳಿ ಬರ್ತೈತಿ, ಆದ್ರ ಬೀರೂಕ ಬೂಷ್ಟ ಹಿಡಿಯೂವಂಥಾ ಮಳಿ ಅಲ್ಲ. ದವಾಖಾನಿ ಹುಬ್ಬಳ್ಳ್ಯಾಗ ದೊಡ್ಡದೈತಿ, ಇಲ್ಲೇ ಧಾರವಾಡದ ಬಾಜೂಕ ಸತ್ತೂರಾಗೂ ಐತಿ, ಚಿಗರಿ ಬಸ್ ಹತ್ತಿದ್ರ ಹುಬ್ಬಳ್ಳಿ ದೂರ ಅಲ್ಲ. ನಿಜಾಮುದ್ದೀನಿಗೆ ಹುಬ್ಬಳ್ಳಿಂದ ರೈಲು ಅದಾವ, ಅಪ್ಪ ಅವ್ವನ್ನ ನೋಡ್ಬೇಕನಿಸಿದ್ರ ಹತ್ತೂದು, ಎರಡು ರಾತ್ರಿ ಅಷ್ಟs. ಶಿರಸ್ಯಾಗ ಇವತ್ತಿಗೂ ರೈಲಿಲ್ಲ.

ಸಾಲಿ ಬಗ್ಗೆ ಒಂದು ಮಾತು. ನಮ್ಮ ರಾಜ್ಯದಾಗ 2015ರ ಕಾಯ್ದೆ ಪ್ರಕಾರ ಕನ್ನಡ ಮೊದಲನೇ ಇಲ್ಲಾ ಎರಡನೇ ಭಾಷಾ ಆಗಿ ಕಲೀಲೇಬೇಕು. ಒಂದನೇತ್ತಕ್ಕ ಬಂದ ಹುಡುಗ್ಗ ಇದು ಆಟ, ಐದನೇತ್ತಕ್ಕ ಬಂದ ಹುಡುಗ್ಗ ಕಣ್ಣೀರು. ನಾ 31 ವರ್ಷ ಕಲಿಸೀನಿ, ನಡುವ ಬಂದ ಹುಡುಗ್ರು ಒತ್ತಕ್ಷರ ನೋಡಿ ಅತ್ತದ್ದು ಕಂಡೀನಿ. ದ್ವಾರಕಾದಾವ್ರು ಒಂದs ವರ್ಷ ಅಂದಿದ್ದು ಖರೆ ಐತಿ.

ತೀರ್ಥಹಳ್ಳಿಗೆ ಹೋಗಿ ವಾಪಸ್ ಪುಣೆಗೆ ಬಂದವನು:

ಇಬ್ರಿಗೂ ಮನೆಯಿಂದ್ಲೇ ಕೆಲಸ ಅಂದಿದೀರಲ್ಲ, ಅದು ಆಫರ್ ಲೆಟರಲ್ಲಿ ಇದ್ಯಾ ಅಥವಾ ಮ್ಯಾನೇಜರ್ ಬಾಯಲ್ಲಿ ಇದ್ಯಾ? ನಂದು ಬಾಯಲ್ಲಿತ್ತು. 2021ರಲ್ಲಿ ಅಪ್ಪನ ಮನೆಗೆ ಎರಡು ರೂಮು ಕಟ್ಟಿಸ್ದೆ, ಸಾಲ ಮಾಡಿ ಟೈಲ್ಸ್ ಹಾಕಿಸ್ದೆ, 2023ರಲ್ಲಿ ಮೇಲ್ ಬಂತು ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಅಂತ, ಆ ಮ್ಯಾನೇಜರ್ ಆಗ್ಲೇ ಬೇರೆ ಕಂಪನಿಗೆ ಹೋಗಿದ್ದ. ಆರು ತಿಂಗಳು ನಾನೊಬ್ನೇ ಪುಣೇಲಿ ಪಿಜಿಲಿ ಇದ್ದೆ, ಹೆಂಡ್ತಿ ಮಗು ಅಲ್ಲಿ. ಶಾಂತವಾಗಿರೋ ಊರಲ್ಲಿ ಸಂಸಾರ ಮಾಡೋಣ ಅಂತ ಹೋಗಿ ಸಂಸಾರನೇ ಎರಡು ಊರಾಯ್ತು.

ಎರಡೆಕರೆ ತೋಟ ಇದೆ ಅಂತ ಅದನ್ನ ನಂಬ್ಕೋಬೇಡಿ. ಮಳೆಗಾಲ ಬಂತು ಅಂದ್ರೆ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಸ್ಬೇಕು, 100 ಲೀಟರ್ ನೀರಿಗೆ ಒಂದೊಂದು ಕೆಜಿ, ಲೆಕ್ಕ ಸುಲಭ, ಆದ್ರೆ ಹೊಡೆಯೋಕೆ ಮರ ಹತ್ತೋ ಕೊನೆಗೌಡ ಸಿಗಲ್ಲ, ಸಿಕ್ಕ ದಿನ ಮಳೆ ಬಿಡಲ್ಲ. ನೆಲದಲ್ಲೇ ನಿಂತು ಹೊಡೆಯೋಕೆ ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ತಗೊಂಡ್ವಿ, ಅದನ್ನ ಎತ್ತಿ ಹಿಡಿದು ಕತ್ತು ನೋವು ಬಂದಿದ್ದು ಇನ್ನೂ ಹೋಗಿಲ್ಲ. ಈಗ ಎಲೆಚುಕ್ಕಿ ರೋಗ ಬೇರೆ. ತೋಟನೂ ಇನ್ನೊಂದು ಫುಲ್‌ಟೈಮ್ ನೌಕರಿನೇ, ನಿಮ್ಮ ಮಾವನ್ನ ಕೇಳಿ ನೋಡಿ.

ಇಷ್ಟೆಲ್ಲ ಹೇಳಿ ಒಂದು ನಿಜ ಹೇಳ್ದಿದ್ರೆ ತಪ್ಪಾಗುತ್ತೆ, ಮಗಳು ಇವತ್ತಿಗೂ ಪುಣೆ ಮನೇಲಿ ಚಿತ್ರ ಬರೆದ್ರೆ ಹಂಚಿನ ಮನೆನೇ ಬರೀತಾಳೆ.

ಹೆಸರು ಬೇಡ:

ಕಾರಿನ ಬಗ್ಗೆ ಯಾರೂ ಹೇಳಿಲ್ಲ. ಎಚ್‌ಆರ್ (ಹರಿಯಾಣ) ನಂಬರಿನ ಗಾಡಿ ಕರ್ನಾಟಕದಲ್ಲಿ 12 ತಿಂಗಳ ಮೇಲೆ ಇಟ್ಕೊಂಡ್ರೆ ನಂಬರ್ ಬದಲಾಯಿಸ್ಲೇಬೇಕು. ಅಲ್ಲಿಂದ ಹೊರಡೋ ಮುಂಚೆನೇ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಗೊಳ್ಳಿ, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಬೇಕು, ಅದು ನಿಮ್ಮ ಲಾರಿ ಬಾಡಿಗೆಗಿಂತ ಜಾಸ್ತಿ ಬಂದ್ರೆ ಎದೆ ಹಿಡ್ಕೋಬೇಡಿ. ಹಳೇ ರಾಜ್ಯದಲ್ಲಿ ಕಟ್ಟಿದ್ದರಲ್ಲಿ ಉಳಿದ ವರ್ಷದ್ದು ವಾಪಸ್ ಕೇಳ್ಬಹುದು. ನಾನು ಕೇಳಿದೀನಿ. ಕೇಳ್ತಾನೇ ಇದೀನಿ.

ಶಿರಸಿ ಕಡೆಯ ಒಬ್ಬ ಅತ್ತೆ:

ಮೊಮ್ಮಗಳ ಹತ್ರ ಬರೆಸ್ತಾ ಇದ್ದೆ. ತಂಗೀ, ನಿನ್ನ ಪತ್ರದಲ್ಲಿ ಗಂಡ ಎಂತ ಹೇಳಿದ ಬಂತು, ನೀ ಎಂತ ಹೆದರ್ತೆ ಬಂತು, ಅತ್ತೆ ಮಾವ ಎಂತ ಹೇಳಿದ್ರು ಅಂತ ಒಂದು ಸಾಲೂ ಇಲ್ಲೆ. ಅವರ ಹತ್ರ ಕೇಳಿದ್ದೀರಾ? ಮಗ ಬಂದ್ರೆ ಯಾರಿಗೆ ಬ್ಯಾಡ ಹೇಳು, ಆದ್ರೆ ನಮಗೂ ಹೆದರಿಕೆ ಇರ್ತು. ನನ್ನ ಮಗ ಸೊಸೆ ಬೆಂಗಳೂರಿಂದ ಬಂದಾಗ ನಾ ಎರಡು ತಿಂಗಳು ಸರಿ ನಿದ್ದೆ ಮಾಡಿದ್ನಿಲ್ಲೆ. ನಾವು ಎಂಟೂವರೆಗೆ ಊಟ ಮಾಡಿ ದೀಪ ಆರಿಸೋ ಜನ, ಅವರ ಮೀಟಿಂಗು ಅಮೆರಿಕದವರ ಜೊತೆ, ರಾತ್ರಿ ಹನ್ನೊಂದಕ್ಕೆ ಶುರು. ಜಗಲಿ ಮೇಲೆ ಸಣ್ಣಕ್ಕೆ ಕೆಮ್ಮಿದ್ರೂ "ಅಮ್ಮಾ ಮ್ಯೂಟ್ ಇಲ್ಲೆ" ಹೇಳ್ತಿದ್ದ. ಆ ಮ್ಯೂಟು ಎಂತ ಅಂತ ನಂಗೆ ತಿಳಿಯೋಕೆ ವಾರ ಹಿಡೀತು.

ಪಾತ್ರೆ ತೊಳೆಯೋರು ಯಾರು, ಗ್ಯಾಸಿನ ದುಡ್ಡು ಯಾರದ್ದು, ನೆಂಟರು ಬಂದ್ರೆ ಯಾರು ಏಳೋದು, ಇದೆಲ್ಲ ಬರೋ ಮೊದಲೇ ನಾಲ್ಕೂ ಜನ ಕೂತು ಮಾತಾಡಿ. ಆ ಯಲ್ಲಾಪುರದ ಕೂಸು ಬರೆದ ಕೆಂಪು ಟವೆಲ್ಲು ನಮ್ಮನೇಲಿ ಇದ್ದಿದ್ರೆ ನನ್ನ ಸೊಸೆ ಪೇಟೇಲಿ ಬೇರೆ ಮನೆ ಮಾಡ್ತಿರ್ಲಿಲ್ಲೆ ಕಾಣ್ತು. ಈಗ ಹತ್ತು ಕಿಲೋಮೀಟರು ದೂರ ಇದ್ದ, ಭಾನುವಾರ ಬತ್ತ, ಎಲ್ಲರೂ ಆರಾಮ. ಹಂಗೂ ಮಾಡಲಡ್ಡಿಲ್ಲೆ.

ಬಂದು ಇದ್ದು ನೋಡಾದ್ರೆ ಜೂನಲ್ಲೇ ಬಾ, ಅವರು ಹೇಳಿದ್ದು ಸರಿ. ಆದ್ರೆ ಸಾಮಾನು ಸಮೇತ ಬರೋದಾದ್ರೆ ಮೇ ಹದಿನೈದರ ಒಳಗೆ ಬಂದುಬಿಡಿ. ಮಳೆ ಹಿಡಿದ ಮೇಲೆ ನಮ್ಮ ಬದಿ ಮಣ್ಣು ರಸ್ತೇಲಿ ಲಾರಿ ಏರು ಹತ್ತದಿಲ್ಲೆ, ಹೋದ ವರ್ಷ ನಮ್ಮ ಕೆಳಗಿನ ಮನೆಯವರ ಫ್ರಿಜ್ಜು ಮೂರು ದಿನ ತಾರ್ಪಾಲು ಹೊದ್ಕಂಡು ಬಸ್ ಸ್ಟ್ಯಾಂಡಲ್ಲೇ ಕೂತಿತ್ತು.