ಶಾಲಾ ಗ್ರಂಥಾಲಯ, ಕಂಪ್ಯೂಟರ್ ಲ್ಯಾಬ್: ಮಕ್ಕಳಿಗೆ ಶಿಸ್ತು ಕಲಿಸಿದವರು ಅನುಭವ ಹೇಳಿ

ಪ್ರಶ್ನೆ
ಬರುವ ತಿಂಗಳಿನಿಂದ ನಮ್ಮ ಶಾಲೆಯ ಗ್ರಂಥಾಲಯವೂ ಕಂಪ್ಯೂಟರ್ ಲ್ಯಾಬೂ ನನ್ನ ಸುಪರ್ದಿಗೆ ಬರುತ್ತಿವೆ. ಆರರಿಂದ ಹತ್ತನೇ ತರಗತಿಯ ಮಕ್ಕಳು. 20 ಕಂಪ್ಯೂಟರ್, ಒಂದು ಅವಧಿಗೆ 40 ಮಕ್ಕಳು. ನಿಯಮಗಳನ್ನು ಮೊದಲ ದಿನವೇ ಹೇಳಿಬಿಡಬೇಕೇ? ಗೋಡೆಗೆ ಪಟ್ಟಿ ಅಂಟಿಸಿದರೆ ಸಾಕೇ?

ಲ್ಯಾಬ್ ಶಿಕ್ಷಕ, 9 ವರ್ಷ
ಪಟ್ಟಿಯನ್ನು ನಾನೂ ಅಂಟಿಸಿದ್ದೆ. 18 ನಿಯಮಗಳು, ಎಲ್ಲವೂ ‘ಕೂಡದು’ ಎಂದೇ ಮುಗಿಯುತ್ತಿದ್ದವು. ಆ ವರ್ಷ ಹೋದದ್ದರ ಲೆಕ್ಕ ಇಂದಿಗೂ ನನ್ನ ಡೈರಿಯಲ್ಲಿದೆ: 6 ಮೌಸ್, ಕೀಲಿಮಣೆಗಳಿಂದ ಕಿತ್ತ 31 ಕೀಲಿಗಳು, 2 ಹೆಡ್‌ಫೋನ್, ಒಂದು ಮದರ್‌ಬೋರ್ಡ್. ಯುಎಸ್‌ಬಿ ಕಿಂಡಿಗೆ ಪೆನ್ನಿನ ರೀಫಿಲ್ ತುರುಕಿ ಮುರಿದಿದ್ದರು. ಎಂ ಮತ್ತು ಎನ್ ಕೀಲಿಗಳನ್ನು ಯಾರೋ ಅದಲುಬದಲು ಮಾಡಿದ್ದರಿಂದ ಆರನೇ ತರಗತಿಯ ಹುಡುಗಿಯೊಬ್ಬಳು ತನ್ನ ಹೆಸರನ್ನೇ ಸರಿಯಾಗಿ ಟೈಪ್ ಮಾಡಲಾಗದೆ ಅತ್ತುಬಿಟ್ಟಳು. ಮೂರು ಶನಿವಾರ ಒಬ್ಬನೇ ಕೂತು ಕೀಲಿ ಜೋಡಿಸಿದೆ.

ಮರುವರ್ಷ ಪ್ರತಿ ಜೋಡಿಗೂ ಒಂದೊಂದು ಕಂಪ್ಯೂಟರ್ ಗೊತ್ತು ಮಾಡಿದೆ. ಬಂದ ಕೂಡಲೇ ಎರಡು ನಿಮಿಷ ಕೀಲಿಮಣೆ, ಮೌಸ್, ತಂತಿ ನೋಡಿ ರಿಜಿಸ್ಟರಿನಲ್ಲಿ ಸಹಿ. ಕೆಟ್ಟಿದ್ದನ್ನು ಆಗಲೇ ಹೇಳಿದರೆ ಹೊಣೆ ಹಿಂದಿನ ತರಗತಿಯದು, ಇಲ್ಲವಾದರೆ ಸಹಿ ಹಾಕಿದವರದು. ಮೇಜುಗಳನ್ನು ಗೋಡೆಗೆ ಸೇರಿಸಿ ಪರದೆಗಳೆಲ್ಲ ಒಂದೇ ನೋಟಕ್ಕೆ ಕಾಣುವಂತೆ ಮಾಡಿದೆ. ನಾನು ಮಾತನಾಡುವಾಗ ಕೈಗಳು ತೊಡೆಯ ಮೇಲೆ. ಮೊದಲ ನಾಲ್ಕು ಅವಧಿ ಪಾಠವೇ ಇಲ್ಲ, ಇದರದೇ ಅಭ್ಯಾಸ. ಆ ವರ್ಷ ಹೋದದ್ದು ಒಂದೇ ಒಂದು ಮೌಸ್. ಮೊದಲು ಬಿಗಿ ಹಿಡಿಯಿರಿ. ಸಡಿಲ ಬಿಡುವುದು ಆಮೇಲೂ ಆಗುತ್ತದೆ.

ಗ್ರಂಥಪಾಲಕಿ
ಸರ್ ಹೇಳುವ ಆ ಬಿಗಿಯಿಂದಲೇ ನಾನೊಂದು ಗ್ರಂಥಾಲಯವನ್ನು ಹಾಳುಗೆಡವಿದ್ದೇನೆ. ಎರಡು ವರ್ಷ ಪಿಸುಮಾತಿಗೂ ಗಂಟೆ ಬಾರಿಸಿದೆ. ದಿನಕ್ಕೆ 35 ಪುಸ್ತಕ ಹೋಗುತ್ತಿದ್ದ ಎರವಲು ವಹಿಯಲ್ಲಿ ಕೊನೆಕೊನೆಗೆ 7, 5, ಒಂದು ದಿನ ಸೊನ್ನೆ. ಕೊಠಡಿ ನಿಶ್ಶಬ್ದವಾಗಿತ್ತು, ಏಕೆಂದರೆ ಒಳಗೆ ಯಾರೂ ಇರಲಿಲ್ಲ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಗ್ರಂಥಾಲಯಗಳಿಗೆಂದು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಮಕ್ಕಳು ಬಾಯಿ ಮುಚ್ಚಿ ಕೂರಬೇಕೆಂಬ ಸೂತ್ರ ಆ ಐದರಲ್ಲಿ ಎಲ್ಲಿಯೂ ಇಲ್ಲ.

ಈಗ ಕಿಟಕಿಯ ಕಡೆಯ ಎರಡು ಮೇಜುಗಳಲ್ಲಿ ಮೆಲುದನಿಯಲ್ಲಿ ಮಾತನಾಡಬಹುದು, ಒಳಗಿನ ಮೂಲೆ ಮೌನ ಓದಿಗೆ. ಇನ್ನೊಂದು ಮಾತು. ಒಮ್ಮೆ ಪುಸ್ತಕಗಳ ತಾಳೆ ನೋಡಿದಾಗ 63 ಪುಸ್ತಕ ಕಾಣೆಯಾಗಿದ್ದವು. ಕಳವೆಂದು ಮಕ್ಕಳ ಚೀಲ ತಪಾಸಣೆ ಮಾಡಿಸಿದೆ. ರಜೆಯಲ್ಲಿ ಕಪಾಟುಗಳನ್ನು ಇಳಿಸಿದರೆ 48 ಅಲ್ಲೇ ಇದ್ದವು, ತಪ್ಪು ಸಾಲಿನಲ್ಲಿ. ಒಪ್ಪವಾಗಿಡಬೇಕೆಂದು ಮಕ್ಕಳೇ ಎಲ್ಲೆಂದರಲ್ಲಿ ತುರುಕಿದ್ದರು. ಅಂದಿನಿಂದ ಒಂದೇ ನಿಯಮ: ತೆಗೆದ ಪುಸ್ತಕವನ್ನು ಕಪಾಟಿಗೆ ಸೇರಿಸಬೇಡಿ, ಮೇಜಿನ ಮೇಲೆಯೇ ಬಿಡಿ. ಚೀಲ ತಪಾಸಣೆಗೆ ಒಳಗಾದ ಆ ಮಕ್ಕಳ ಮುಖ ಮಾತ್ರ ನನಗೆ ಮರೆಯುವುದಿಲ್ಲ.

ಲ್ಯಾಬ್ ಶಿಕ್ಷಕ
ಮೇಡಂ, ತಪ್ಪು ಸಾಲಿಗೆ ಸೇರಿದ ಪುಸ್ತಕ ರಜೆಯಲ್ಲಿ ಸಿಗುತ್ತದೆ. ಸುಟ್ಟ ಮದರ್‌ಬೋರ್ಡ್ ಸಿಗುವುದಿಲ್ಲ. ಆ ಒಂದು ಕಂಪ್ಯೂಟರ್ ಏಳು ತಿಂಗಳು ಬರಲಿಲ್ಲ. ಏಳು ತಿಂಗಳು ಇಬ್ಬರು ಕೂರುವಲ್ಲಿ ಮೂವರು ಕೂತರು. ಲ್ಯಾಬನ್ನು ಗ್ರಂಥಾಲಯದ ತಕ್ಕಡಿಯಲ್ಲಿ ತೂಗಬೇಡಿ. ಈಗ ನನ್ನ ಮೇಜಿನಿಂದಲೇ ಎಲ್ಲ ಪರದೆಗಳನ್ನೂ ನೋಡುವ ತಂತ್ರಾಂಶವಿದೆ, ಅದನ್ನೂ ಹಾಕಿಸಿಕೊಳ್ಳಿ.

ಎಂಟನೇ ತರಗತಿಯ ಮಗಳ ತಾಯಿ
ಆ ತಂತ್ರಾಂಶದ ಬಗ್ಗೆ ನನ್ನಿಂದ ಕೇಳಿ. ನನಗೆ ಶಸ್ತ್ರಚಿಕಿತ್ಸೆ ಆಗಬೇಕಿದ್ದ ವಾರ ನನ್ನ ಮಗಳು ಲ್ಯಾಬಿನಲ್ಲಿ ನನ್ನ ಕಾಯಿಲೆಯ ಹೆಸರು ಹುಡುಕಿದಳು. ಶಿಕ್ಷಕರು ತಮ್ಮ ಕುರ್ಚಿಯಿಂದಲೇ ಅದನ್ನು ಗಟ್ಟಿಯಾಗಿ ಓದಿ ‘ಇದೇನು ಪಾಠದಲ್ಲಿದೆಯೇ’ ಎಂದರು. ತರಗತಿಯಲ್ಲಿ ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ. ಅಂದಿನಿಂದ ಲ್ಯಾಬಿನ ದಿನವೇ ಅವಳಿಗೆ ಹೊಟ್ಟೆನೋವು. ಪರದೆ ನೋಡುವುದಿದ್ದರೆ ನೋಡುತ್ತೇವೆಂದು ಮಕ್ಕಳಿಗೆ ಮೊದಲೇ ತಿಳಿಸಿ. ಕಂಡದ್ದನ್ನು ಹತ್ತಿರ ಹೋಗಿ ಮೆಲ್ಲಗೆ ಕೇಳಿ.

ಲ್ಯಾಬ್ ಶಿಕ್ಷಕ
ಆ ಶಿಕ್ಷಕರು ಮಾಡಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಒಬ್ಬರ ಒರಟುತನಕ್ಕೆ ತಂತ್ರಾಂಶವನ್ನೇ ದೂರಬೇಡಿ. ನಾಳೆ ಮಗು ನೋಡಬಾರದ್ದನ್ನು ನೋಡಿದರೆ ಮೊದಲು ನನ್ನ ಕೊರಳಪಟ್ಟಿ ಹಿಡಿಯುವವರೂ ಪೋಷಕರೇ.

ಎಂಟನೇ ತರಗತಿಯ ಮಗಳ ತಾಯಿ
ನಾನು ಯಾರ ಕೊರಳಪಟ್ಟಿಯನ್ನೂ ಹಿಡಿದಿಲ್ಲ. ಹಿಡಿಯಬೇಕಿತ್ತು ಎಂದು ಈಗ ಅನ್ನಿಸುತ್ತಿದೆ.

ಪ್ರಾಥಮಿಕ ಶಾಲಾ ಶಿಕ್ಷಕ
ದಂಡದ ವಿಷಯ ಯಾರೂ ಎತ್ತಲಿಲ್ಲ. ಮಳೆಯಲ್ಲಿ ನೆನೆಸಿಕೊಂಡು ಬಂದ ಪುಸ್ತಕಕ್ಕೆ ನಾನು ಒಬ್ಬ ಹುಡುಗನಿಂದ ಪೂರ್ತಿ ಬೆಲೆ ವಸೂಲು ಮಾಡಿದೆ. ಅದು ಚಿತ್ರಗಳಿದ್ದ ಪ್ರಾಣಿಗಳ ಪುಸ್ತಕ. ಕಂತಿನಲ್ಲಿ, ಐದು ವಾರ, ಮುಷ್ಟಿಯಲ್ಲಿ ಚಿಲ್ಲರೆ ಹಿಡಿದು ತಂದುಕೊಟ್ಟ. ಆರನೇ ವಾರದಿಂದ ಬರಲೇ ಇಲ್ಲ. ಮಳೆಗೆ ಅಂಗಿಯೊಳಗೆ ಬಚ್ಚಿಟ್ಟುಕೊಂಡು ಓಡಿದ್ದನಂತೆ. ಅದು ನನಗೆ ತಿಳಿದದ್ದು ತಡವಾಗಿ. ಕೈಯಾರೆ ಮಾಡಿದ ಹಾನಿ ಬೇರೆ, ಆಕಸ್ಮಿಕ ಬೇರೆ ಎಂದು ನಿಯಮದಲ್ಲೇ ಬರೆದಿಡಿ.

ಗ್ರಂಥಪಾಲಕಿ
ಸರ್, ಆ ಪುಸ್ತಕವನ್ನು ಉಳಿಸಬಹುದಿತ್ತು! ಸಾದಾ ಕಾಗದವಾದರೆ ಹಾಳೆಗಳ ನಡುವೆ ಹೀರುಕಾಗದ ಇಟ್ಟು, ಬದಲಿಸುತ್ತಾ, ಫ್ಯಾನಿನ ಗಾಳಿಗೆ ಬಿಡಬೇಕು. ಚಿತ್ರದ ಪುಸ್ತಕಗಳ ನುಣುಪು ಕಾಗದ ಒದ್ದೆಯಿದ್ದಾಗಲೇ ಬಿಡಿಸದಿದ್ದರೆ ಒಣಗಿದ ಮೇಲೆ ಅಂಟಿಕೊಂಡುಬಿಡುತ್ತದೆ. ಬಿಸಿಲಿಗಂತೂ ಇಡಲೇಬೇಡಿ, ರಟ್ಟು ಸೊಟ್ಟಗಾಗುತ್ತದೆ.

ಪ್ರಾಥಮಿಕ ಶಾಲಾ ಶಿಕ್ಷಕ
ಬಿಸಿಲಿಗೇ ಇಟ್ಟಿದ್ದೆ ಮೇಡಂ. ಹಾಳೆಗಳು ಅಂಟಿಕೊಂಡಿದ್ದನ್ನು ತೋರಿಸಿಯೇ ಅವನಿಂದ ಹಣ ಕೇಳಿದ್ದು.