ಫೋರ್ಡ್ ಫೋಕಸ್ ಮಿಷಿಗನ್ ಬಿಟ್ಟು ಚೀನಾಕ್ಕೆ: ಲೆಕ್ಕ ಕೈಕೊಟ್ಟಿದ್ದೆಲ್ಲಿ?

ಚಕ್ರಪಾಣಿ: 2016ರಲ್ಲಿ ಫೋರ್ಡ್ ತನ್ನ ಸಣ್ಣ ಕಾರುಗಳನ್ನೆಲ್ಲ ಮೆಕ್ಸಿಕೋಗೆ ಒಯ್ಯುತ್ತೇವೆ ಅಂದಿತು. 2017ರ ಜನವರಿಯಲ್ಲಿ ಅಲ್ಲಿನ ಸಾನ್ ಲೂಯಿಸ್ ಪೊಟೋಸಿಯ 160 ಕೋಟಿ ಡಾಲರ್ ಕಾರ್ಖಾನೆ ಕೈಬಿಟ್ಟಿತು. ಜೂನ್‌ನಲ್ಲಿ, ಮಿಷಿಗನ್‌ನಲ್ಲಿ ತಯಾರಾಗುತ್ತಿದ್ದ ಸಣ್ಣ ಕಾರು ಫೋಕಸ್ ಇನ್ನು ಅಮೆರಿಕಕ್ಕೆ ಚೀನಾದಿಂದ ಬರುತ್ತೆ ಅಂದಿತು, 2018ರ ಆಗಸ್ಟ್ ಕೊನೆಗೆ ಅದೂ ಬೇಡ ಅಂದಿತು. ಕೂಲಿ ಕಡಿಮೆ ಇರೋ ಕಡೆ ಹೊರಟರೂ ಯಾಕೆ ಗಿಟ್ಟಲಿಲ್ಲ?

ಲೆಕ್ಕದಪುಸ್ತಕ: ಕೂಲಿಯಿಂದ ಶುರು ಮಾಡಿದರೆ ದಾರಿ ತಪ್ಪುತ್ತೆ ಸಾರ್. ಚೀನಾದ ಮಾರುಕಟ್ಟೆಗಾಗಿ ಹೊಸ ಫೋಕಸ್ ಹೇಗಿದ್ದರೂ ಅಲ್ಲಿ ತಯಾರಾಗಬೇಕಿತ್ತು. ಅಮೆರಿಕದ್ದನ್ನೂ ಅಲ್ಲೇ ಮಾಡಿದರೆ ಎರಡನೇ ಸೆಟ್ ಡೈ (ತಗಡನ್ನು ಒತ್ತಿ ಆಕಾರ ಕೊಡೋ ಅಚ್ಚು), ವೆಲ್ಡಿಂಗ್ ಜಿಗ್ (ಬೆಸುಗೆ ಹಾಕುವಾಗ ಭಾಗಗಳನ್ನು ಹಿಡಿದಿಡೋ ಚೌಕಟ್ಟು), ಅಸೆಂಬ್ಲಿ ಲೈನ್ ಬೇಕಾಗಲ್ಲ. ಮೊದಲಿನ ಮೆಕ್ಸಿಕೋ ಯೋಜನೆಗೆ ಹೋಲಿಸಿದರೆ 100 ಕೋಟಿ ಡಾಲರ್ ಉಳಿಯುತ್ತೆ ಅಂತ ಫೋರ್ಡ್ ಹೇಳಿದ್ದು ಈ ಹೂಡಿಕೆಯ ಬಾಬ್ತು.

ಕೆಡಿಸಿದ್ದು ಸುಂಕ. ಅಮೆರಿಕದಲ್ಲಿ ಆಮದು ಕಾರಿಗೆ 2.5% ಇತ್ತು, 2018ರ ಜುಲೈನಲ್ಲಿ ಚೀನಾ ಮಾಲಿಗೆ ಅದರ ಮೇಲೆ 25% ಬಿತ್ತು. ಬಂದರಿನಲ್ಲಿ 15,000 ಡಾಲರ್ ಬೆಲೆಯ ಕಾರು ಅಂತಿಟ್ಟುಕೊಳ್ಳಿ: 375 ಡಾಲರ್ ಇದ್ದದ್ದು 4,125 ಆಯ್ತು. ಸಣ್ಣ ಕಾರಿನ ಲಾಭದಲ್ಲಿ ಇದನ್ನು ನುಂಗೋಕೆ ಜಾಗವೇ ಇಲ್ಲ. ಅವರ ಅಂದಾಜು ಮಾರಾಟವೂ ವರ್ಷಕ್ಕೆ 50,000ಕ್ಕಿಂತ ಕಡಿಮೆ.

ಸ್ಪ್ಯಾನರ್_14: ಆ 50,000ದ ಮೇಲೆ ಇನ್ನೊಂದು ಹೊರೆ. ಚೀನಾದ ಕಾರನ್ನು ಹಾಗೇ ಹಡಗಿಗೆ ಹತ್ತಿಸೋಕಾಗಲ್ಲ. ಅಮೆರಿಕದಲ್ಲಿ ಸೀಟ್ ಬೆಲ್ಟ್ ಕಟ್ಟದ ಡಮ್ಮಿಯ (ಮನುಷ್ಯನ ಬದಲು ಕೂರಿಸೋ ಗೊಂಬೆಯ) ಕ್ರ್ಯಾಶ್ ಪರೀಕ್ಷೆಯೂ ಇದೆ, ಅದಕ್ಕೆ ತಕ್ಕಂತೆ ಏರ್‌ಬ್ಯಾಗ್ ಟ್ಯೂನಿಂಗ್ ಬದಲಾಗಬೇಕು. ಬಂಪರಿಗೆ ಗಂಟೆಗೆ 2.5 ಮೈಲಿ ವೇಗದ ಡಿಕ್ಕಿಯ ನಿಯಮ ಬೇರೆ, ಪಕ್ಕದ ಮಾರ್ಕರ್ ದೀಪ ಬೇರೆ. ಈ ಖರ್ಚು ಐದು ಲಕ್ಷ ಕಾರಿಗೆ ಹಂಚಿದರೆ ಗೊತ್ತೇ ಆಗಲ್ಲ, ಐವತ್ತು ಸಾವಿರಕ್ಕೆ ಹಂಚಿದರೆ ಕಣ್ಣಿಗೆ ಹೊಡೆಯುತ್ತೆ.

ಚಕ್ರಪಾಣಿ: ಕಾರು ಹಡಗಿನಲ್ಲಿರೋವರೆಗೆ ಅದಕ್ಕೆ ಹಾಕಿದ ದುಡ್ಡು ಸಿಕ್ಕಿಕೊಳ್ಳೋದೂ ದೊಡ್ಡ ನಷ್ಟ ಅಲ್ವಾ?

ಲೆಕ್ಕದಪುಸ್ತಕ: ಅಂದುಕೊಂಡಷ್ಟಿಲ್ಲ. ಪಯಣ 45 ದಿನ ಅಂತಿಟ್ಟುಕೊಂಡರೆ, 15,000 ಡಾಲರಿಗೆ ವರ್ಷಕ್ಕೆ 5% ಬಡ್ಡಿಯಲ್ಲಿ ಸುಮಾರು 92 ಡಾಲರ್. ಆದರೆ ವರ್ಷಕ್ಕೆ 50,000 ಕಾರು ಅಂದರೆ ಯಾವಾಗಲೂ ಆರು ಸಾವಿರದಷ್ಟು ದಾರಿಯಲ್ಲೇ ಇರ್ತವೆ. ಒಂದು ಕನೆಕ್ಟರ್ (ವೈರುಗಳನ್ನು ಜೋಡಿಸೋ ಪ್ಲಗ್) ಕೆಟ್ಟ ಬ್ಯಾಚಿನದು ಅಂತ ಲೈನಿನಲ್ಲಿ ಇವತ್ತು ಗೊತ್ತಾದರೆ, ಅಷ್ಟನ್ನೂ ಬಂದರಿನ ಯಾರ್ಡಿನಲ್ಲಿ ಬಿಚ್ಚಿ ಸರಿಮಾಡಬೇಕು.

ಸ್ಪ್ಯಾನರ್_14: ಫೋಕಸ್ ಹೋಗಿ ಖಾಲಿಯಾದ ಮಿಷಿಗನ್‌ನ ವೇಯ್ನ್ ಕಾರ್ಖಾನೆಗೆ ಬಂದದ್ದು ಫೋರ್ಡ್‌ನದೇ ರೇಂಜರ್ ಪಿಕಪ್. ಲೈನಿನ ದುಡಿಮೆಯ ಗಂಟೆ ಸಣ್ಣ ಕಾರಿಗಿಂತ ಅಷ್ಟೇನೂ ಹೆಚ್ಚಲ್ಲ, ಮಾರೋ ಬೆಲೆ ಮಾತ್ರ ಹೆಚ್ಚು. ಜೊತೆಗೆ ಹೊರಗಿನ ಪಿಕಪ್‌ಗೆ 1960ರ ದಶಕದಿಂದಲೂ 25% ಸುಂಕದ ಬೇಲಿ ಇದೆ. ಅಂದಹಾಗೆ, ಅದೇ 2018ರಲ್ಲಿ ಚೆನ್ನೈ ಹತ್ತಿರ ಮಾಡಿದ ಫೋರ್ಡ್ ಇಕೋಸ್ಪೋರ್ಟ್ ಅಮೆರಿಕದ ಶೋರೂಮ್ ಸೇರಿತು. ಭಾರತದ ಮಾಲಿಗೆ ಆ ಹೆಚ್ಚುವರಿ ಸುಂಕ ಇರಲಿಲ್ಲವಲ್ಲ.