‘ಪ್ಯಾಚ್’ ಎಂಬುದಕ್ಕೆ ‘ತೇಪೆ’ ಎನ್ನಬಹುದೇ?

ಯಾರು ಬೇಕಾದರೂ ನೋಡಿ ಬದಲಿಸಬಹುದಾದ ಮುಕ್ತ ತಂತ್ರಾಂಶಗಳ ಯೋಜನೆಗಳಿಗೆ ಕೋಡ್ ಸಿದ್ಧಪಡಿಸಿ ಕಳುಹಿಸುವ ಬಗೆಯನ್ನು ಕೊಪ್ಪಳದ ಕೆಲವು ಪದವಿ ವಿದ್ಯಾರ್ಥಿಗಳಿಗೆ ತಿಳಿಸಲು ಕನ್ನಡದಲ್ಲಿ ಒಂದು ಕಿರುಕೈಪಿಡಿಯನ್ನು ಬರೆಯುತ್ತಿದ್ದೇನೆ. ಇರುವ ಕೋಡಿನಲ್ಲಿ ಮಾಡಬೇಕಾದ ಬದಲಾವಣೆಯನ್ನಷ್ಟೇ ಬರೆದು ಕಳುಹಿಸುವ ಪಠ್ಯಕ್ಕೆ ಇಂಗ್ಲಿಷಿನಲ್ಲಿ ‘ಪ್ಯಾಚ್’ ಎನ್ನುತ್ತಾರೆ. ಕೈಪಿಡಿಯಲ್ಲಿ ಆ ಪದ ಬರುವ ಕಡೆಯಲ್ಲೆಲ್ಲ ‘ತೇಪೆ’ ಎಂದು ಬಳಸಿದ್ದೆ. ಕರಡನ್ನು ಓದಿದ ವಿದ್ಯಾರ್ಥಿನಿಯೊಬ್ಬಳು, “ಎರಡು ವಾರ ಕುಂತು ಮಾಡಿದ ಕೆಲಸಕ್ಕ ತ್ಯಾಪಿ ಅಂದ್ರ ಹೆಂಗ್ರಿ ಸರ?” ಎಂದು ಕೇಳಿದಳು. ಆಕ್ಷೇಪ ನ್ಯಾಯವಾದದ್ದೇ. ‘ತೇಪೆ ಹಚ್ಚುವುದು’ ಎಂದೊಡನೆ ಹರಿದದ್ದನ್ನು ಕಾಣದಂತೆ ಮುಚ್ಚುವುದು, ಕೆಲಸವನ್ನು ಹೇಗೋ ಸಾಗಹಾಕುವುದು ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ರಸ್ತೆಯ ಗುಂಡಿಗೆ ಡಾಂಬರು ಸುರಿದು ಹೋಗುವ ಕಾಮಗಾರಿಗೂ ನಾವು ಇದೇ ಮಾತನ್ನು ಆಡುತ್ತೇವೆ.

ಆದರೂ ಪದವನ್ನು ಕೈಬಿಡಲು ನನಗೆ ಮನಸ್ಸಿಲ್ಲ. ಇಂಗ್ಲಿಷಿನ ಪದವೂ ಬಟ್ಟೆಯಿಂದಲೇ ಬಂದದ್ದು. ಪ್ರೋಗ್ರಾಮುಗಳನ್ನು ಕಾಗದದ ಪಟ್ಟಿಯ ಮೇಲೆ ತೂತು ಹೊಡೆದು ಬರೆಯುತ್ತಿದ್ದ ಕಾಲದಲ್ಲಿ, ತಪ್ಪಿದ್ದ ಭಾಗವನ್ನು ಕತ್ತರಿಸಿ ಆ ಜಾಗಕ್ಕೆ ಬೇರೆ ತುಂಡನ್ನು ನಿಜವಾಗಿಯೇ ಅಂಟಿಸುತ್ತಿದ್ದರು. ಪ್ರೋಗ್ರಾಮರ್ ಲ್ಯಾರಿ ವಾಲ್ 1985ರಲ್ಲಿ ‘ಪ್ಯಾಚ್’ ಎಂಬ ಹೆಸರಿನ ಉಪಕರಣವನ್ನೇ ಬರೆದ ಮೇಲೆ, ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಹಿಡಿದಿಡುವ ಪಠ್ಯಕ್ಕೆ ಆ ಹೆಸರು ನೆಲೆಯಾಯಿತು. ಈ ಪಠ್ಯದಲ್ಲಿ ತೆಗೆದ ಸಾಲಿನ ಮುಂದೆ ಕಳೆಯುವ ಚಿಹ್ನೆ, ಸೇರಿಸಿದ ಸಾಲಿನ ಮುಂದೆ ಕೂಡುವ ಚಿಹ್ನೆ ಇರುತ್ತದೆ. ಬದಲಾದ ಸಾಲುಗಳ ಮೇಲಿನ ಮೂರು, ಕೆಳಗಿನ ಮೂರು ಸಾಲುಗಳನ್ನು ಸಾಮಾನ್ಯವಾಗಿ ಬದಲಾವಣೆಯಿಲ್ಲದೆ ಹಾಗೆಯೇ ಇಡುತ್ತಾರೆ. ಮೂಲ ಕಡತದಲ್ಲಿ ಅಷ್ಟರೊಳಗೆ ಬೇರೆಯವರು ಏನಾದರೂ ಸೇರಿಸಿ ಸಾಲಿನ ಸಂಖ್ಯೆಗಳು ಸರಿದಿದ್ದರೂ, ಸುತ್ತಲಿನ ಈ ಸಾಲುಗಳನ್ನು ಹುಡುಕಿಕೊಂಡು ಉಪಕರಣವು ಬದಲಾವಣೆ ಸೇರಬೇಕಾದ ಜಾಗವನ್ನು ಗುರುತಿಸುತ್ತದೆ. ದರ್ಜಿಯ ಕೆಲಸವನ್ನು ನೋಡಿದವರಿಗೆ ಇದು ಹೊಸದಲ್ಲ: ತೂತಿನಷ್ಟೇ ಅಳತೆಯ ತೇಪೆ ನಿಲ್ಲುವುದಿಲ್ಲ, ಸುತ್ತಲಿನ ಗಟ್ಟಿ ಬಟ್ಟೆಯ ಮೇಲೂ ನಾಲ್ಕು ಹೊಲಿಗೆ ಬಿದ್ದರೆ ಮಾತ್ರ ಅದು ಹಿಡಿಯುತ್ತದೆ. ಇಷ್ಟು ಕರಾರುವಾಕ್ಕಾಗಿ ಹೊಂದುವ ಪದ ಬೇರೆಲ್ಲಿ ಸಿಕ್ಕೀತು? ‘ಹಚ್ಚು’ ಎಂಬ ಕ್ರಿಯಾಪದವೂ ಜೊತೆಗೇ ಬರುತ್ತದೆ, ‘ಅನ್ವಯಿಸು’ ಎಂದು ಬರೆಯಬೇಕಾಗಿಲ್ಲ. ಕೀಳುಭಾವದ ಮಾತಿಗೆ ಬಂದರೆ, ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯವರಿಗೆ ಹೊಸ ಪ್ಯಾಂಟಿಗೂ ಅಂದಕ್ಕಾಗಿ ತೇಪೆ ಹಚ್ಚುತ್ತಾರೆಂಬುದನ್ನು ಹೇಳಿಕೊಡಬೇಕಿಲ್ಲ.

‘ತಿದ್ದುಪಡಿ’ ಎಂದು ಬರೆಯಿರಿ ಎಂಬ ಸಲಹೆಯೂ ಬಂದಿದೆ. ಅದು ಶಾಸನಸಭೆಯ ವಾಸನೆ ಹೊತ್ತ ಪದ. ಅಲ್ಲದೆ ತಿದ್ದುವುದಕ್ಕೆ ಮೊದಲು ಒಂದು ತಪ್ಪು ಇರಬೇಕು. ಕಳುಹಿಸುವ ಕೋಡು ಹೊಸದೊಂದು ಸೌಲಭ್ಯವನ್ನೇ ತರುವಾಗ ತಿದ್ದಿದ್ದೇನನ್ನು? ನಿಜ ಹೇಳಬೇಕೆಂದರೆ ಈ ತೊಡಕು ‘ತೇಪೆ’ಗೂ ಇದೆ, ಏಕೆಂದರೆ ಅದಕ್ಕೂ ಮೊದಲೊಂದು ಹರಕು ಬೇಕು.

ಇಲ್ಲಿಯೇ ನನಗೆ ಕೌದಿಯ ನೆನಪಾಯಿತು. ಹಲವು ಪ್ಯಾಚ್‌ಗಳನ್ನು ಒಂದರ ಮೇಲೊಂದು ಕ್ರಮವಾಗಿ ಹಚ್ಚಲು, ಬೇಡವಾದರೆ ಮೇಲಿನಿಂದ ಒಂದೊಂದಾಗಿ ಬಿಚ್ಚಲು ಬಳಸುವ ಉಪಕರಣವೊಂದರ ಹೆಸರು ‘ಕ್ವಿಲ್ಟ್’. ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಯೋಜನೆಯವರು ಮೂಲ ಕೋಡನ್ನು ಕಟ್ಟಿಡುವ ತಮ್ಮ ಪೊಟ್ಟಣಗಳ (ಪ್ಯಾಕೇಜ್) ಒಂದು ಮಾದರಿಗೂ ಅದೇ ಹೆಸರಿಟ್ಟಿದ್ದಾರೆ. ಕ್ವಿಲ್ಟ್ ಎಂದರೆ ನಮ್ಮ ಕೌದಿಯಂಥದ್ದೇ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿಯಲ್ಲಿ ಯಾವ ತುಂಡೂ ಹರಕನ್ನು ಮುಚ್ಚಲೆಂದು ಬಂದದ್ದಲ್ಲ, ತುಂಡುಗಳೆಲ್ಲ ಸೇರಿಯೇ ಕೌದಿ. ಒಂದು ಪ್ಯಾಚ್‌ನಲ್ಲಿ ಒಂದೇ ವಿಚಾರದ ಬದಲಾವಣೆ ಇರಬೇಕು, ದೊಡ್ಡ ಕೆಲಸವನ್ನು ಹಾಗೆ ಬಿಡಿಸಿ ಸಾಲಾಗಿ ಕಳುಹಿಸಬೇಕು ಎಂಬ, ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನವರ ನಿಯಮವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ತೋಚಲಿಲ್ಲ. ಆದರೆ ಇಡೀ ಹೊದಿಕೆಗೆ ಕೌದಿ ಎಂಬ ಹೆಸರಾದರೆ, ಅದರೊಳಗಿನ ಒಂದು ತುಂಡಿಗೆ ಏನು ಹೆಸರು?

ಆದ್ದರಿಂದ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಮನೆಗಳಲ್ಲಿ ಕೌದಿ ಹೊಲಿಯುವುದನ್ನು ಕಂಡವರಲ್ಲಿ ನನ್ನ ಕೋರಿಕೆ ಇದು. ಹೊಲಿಯುವ ಹೆಣ್ಣುಮಕ್ಕಳು ಆ ಬಿಡಿತುಂಡನ್ನು ‘ತ್ಯಾಪಿ’ ಎಂದೇ ಕರೆಯುತ್ತಾರೆಯೇ, ಅಥವಾ ಅದಕ್ಕೆ ಬೇರೆ ಮಾತಿದೆಯೇ? ಅದನ್ನು ‘ಹಚ್ಚುತ್ತಾರೋ’ ‘ಕೂಡಿಸುತ್ತಾರೋ’ ಎಂಬುದನ್ನೂ, ಸಾಧ್ಯವಾದರೆ ಯಾವ ಊರಿನಲ್ಲಿ ಕೇಳಿದ ಮಾತು ಎಂಬುದನ್ನೂ ತಿಳಿಸಬೇಕು.